ನೀವೇ ಬೆಲೆ ಹೇಳಿ

ನಮ್ಮೂರಿನಲ್ಲಿ ತಮ್ಮದಕ್ಕೆ ತಾವೇ ಬೆಲೆ ಹೇಳುವವರು ಯಾರೂ ಇಲ್ಲ. ಹೇಳಿದರೆ ಅದು ಹೇಳಿದವರನ್ನು ಮರೆತುಬಿಡುತ್ತದೆ. ಮೇಲಿನ ಕೇರಿಯ ಪುಟ್ಟತಾಯಮ್ಮ ತಮಾಷೆಗೆಂದು ತನ್ನ ಹಸುವಿಗೆ ಒಂದು ಬೆಲೆ ಹೇಳಿದಳು. ಮರುದಿನ ಬೆಳಿಗ್ಗೆ ಆ ಹಸು ಅವಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಬೀಗದ ಅಂಗಡಿಯ ನಂಜುಂಡಯ್ಯ ಯಾರೋ ನೆಂಟರ ಮುಂದೆ ಮನೆಯ ಬೆಲೆ ಹೇಳಿ, ಆಮೇಲೆ ಮುಂಬಾಗಿಲು ತೆರೆಯದೆ ಮೂರು ವರ್ಷ ಹಿತ್ತಲ ಗೋಡೆ ಹಾರಿ ಒಳಗೆ ಹೋಗುತ್ತಿದ್ದ, ಅದೂ ಬೀಗದ ಅಂಗಡಿಯವನು. ಮನೆಪಾಠದ ಮೇಷ್ಟ್ರು ಫೀಜು ಎಷ್ಟು ಅಂತ ಬಾಯಿಬಿಟ್ಟ ದಿನವೇ ಏಳರ ಮಗ್ಗಿಯಲ್ಲಿ ನಿಂತುಬಿಟ್ಟರು. ಕೂಲಿಯವರಿಗೂ ಇದೇ ಲೆಕ್ಕ. ತನ್ನ ಕೂಲಿ ತಾನೇ ಹೇಳಿಕೊಂಡವನ ಕೈ ಕೆಲಸವನ್ನು ಮರೆಯುತ್ತದೆ. ಮಕ್ಕಳ ಕೂಲಿಯನ್ನು ಹೆತ್ತವರು ಹೇಳಿದರೆ ಮಕ್ಕಳು ಹೆತ್ತವರನ್ನೇ ಮರೆಯುತ್ತಾರೆ.

ಹೊರಗಿನವರಿಗೆ ನಮ್ಮ ಸಂತೆ ನೋಡಿದರೆ ನಗು. ಮಾರುವವಳು ತುಟಿ ಬಿಗಿದುಕೊಂಡು ಕೂತಿರುತ್ತಾಳೆ, ಕೊಳ್ಳುವವನು ಬದನೆಕಾಯಿ ಕೈಯಲ್ಲಿ ಹಿಡಿದು ಹತ್ತು ಅನ್ನುತ್ತಾನೆ, ಅವಳು ಆಕಾಶ ನೋಡುತ್ತಾಳೆ. ಹದಿನೈದು ಅಂದರೆ ತಕ್ಕಡಿ ಎತ್ತುತ್ತಾಳೆ. ಬದನೆಕಾಯಿಗೆ ಆಕಾಶ ನೋಡಿದರೆ ಸಾಕು. ಆದರೆ ಎತ್ತು, ಗದ್ದೆ, ವರ್ಷದ ಕೂಲಿ ಅಂತ ದೊಡ್ಡ ವ್ಯವಹಾರ ಬಂದರೆ ಬೇರೆಯವರ ಬಾಯಿ ಬೇಕು. ಆ ವಸ್ತು ತನ್ನದಲ್ಲದ, ಆ ಮನುಷ್ಯ ತನಗೇನೂ ಆಗಬೇಕಿಲ್ಲದ ಒಬ್ಬರು ಬಂದು ಬೆಲೆ ಹೇಳಬೇಕು. ಅಂಥವರನ್ನು ನಮ್ಮಲ್ಲಿ ಬಾಯಿ ಅಂತಲೇ ಕರೆಯುವುದು. ನಮ್ಮಪ್ಪ ಈ ಊರಿನ ಬಾಯಿ ಆಗಿದ್ದರು. ಈಗ ನಾನು, ಅಂಬುಜಾಕ್ಷಿ, ಐವತ್ತೆಂಟು ವರ್ಷ, ಮದುವೆ ಇಲ್ಲ, ಬಾಯಿ ಮಾತ್ರ ಜೋರು.

ಬಾಯಿ ಹೇಳುವುದು ಒಂದೇ ಸಲ. ಹೇಳಿದ ಮೇಲೆ ಚೌಕಾಸಿ ಇಲ್ಲ. ಕೊಳ್ಳುವವನು ಒಪ್ಪಬೇಕು, ಇಲ್ಲ ಎದ್ದು ಹೋಗಬೇಕು. ಹಾಗಾಗಿ ಅಳೆದು ಸುರಿದು ಹೇಳಬೇಕು. ನನಗೆ ಆ ಅಳತೆ ಗೊತ್ತು. ಎತ್ತಿನ ಹಲ್ಲು ನೋಡುವುದಕ್ಕಿಂತ ಕೊಳ್ಳಲು ಬಂದವನ ಚಪ್ಪಲಿ ನೋಡುತ್ತೇನೆ. ಊರಿಗೆಲ್ಲ ಬೆಲೆ ಹೇಳುವ ನನಗೆ ನನ್ನ ಬೆಲೆ ಹೇಳಿಕೊಳ್ಳುವ ಹಾಗಿಲ್ಲ, ಅದೊಂದು ಅನ್ಯಾಯ. ಹೇಳಿದರೆ ಬಾಯಿಯೇ ಹೋಗುತ್ತದೆ. ಹಾಗಾಗಿ ಜನ ಅವರಿಗೆ ತೋಚಿದ್ದು ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ. ಬಹಳ ಸಲ ಅವರಿಗೆ ತೋಚುವುದು ಕುಂಬಳಕಾಯಿ.

ಅಪ್ಪ ನನಗೆ ಕಲಿಸಿದ್ದು ಒಂದೇ ಪಾಠ. ಯಾರ ಮನೆಯಲ್ಲೂ ಉಣ್ಣಬೇಡ, ಯಾರ ಮಗುವನ್ನೂ ಎತ್ತಿಕೊಳ್ಳಬೇಡ. ಯಾವುದು ನಿನ್ನದಾಗುತ್ತದೋ ಅದಕ್ಕೆ ನೀನು ಬಾಯಿ ಆಗಲಾರೆ ಅನ್ನುತ್ತಿದ್ದರು. ಹಾಗೆಯೇ ಬದುಕಿದೆ, ಬಹುಮಟ್ಟಿಗೆ. ಬಹುಮಟ್ಟಿಗೆ ಅಂದೆನಲ್ಲ, ಆ ಉಳಿದ ಚೂರಿನ ಹೆಸರು ಕೇತಕಿ.

ಕೇತಕಿಯ ಅವ್ವ ಸಾಕವ್ವ ನನ್ನ ಪಕ್ಕದ ಮನೆಯವಳು. ಹೊಳೆಯಾಚೆಯ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನ ಬಾಯಿಗೆ ಸೌದೆ ಹಾಕುವ ಕೆಲಸ. ಗಂಡ ಸತ್ತಾಗ ಮಗುವಿಗೆ ಐದು ತಿಂಗಳು. ಬೆಳಿಗ್ಗೆ ದೋಣಿ ಹತ್ತುವ ಮುಂಚೆ ಅದನ್ನು ನನ್ನ ಜಗಲಿಯಲ್ಲಿ ಮಲಗಿಸಿ ಹೋಗುವಳು. ನಾನು ಜಗಲಿ ಕೊಟ್ಟಿದ್ದೇನೆ ಅಷ್ಟೆ, ಮಗುವನ್ನು ನೋಡಿಕೊಳ್ಳುವವಳು ನಾನಲ್ಲ ಅಂತ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದೆ. ಜಗಲಿಗೆ ಬದಲಾಗಿ ಅವಳು ವಾರಕ್ಕೊಂದು ಬುಟ್ಟಿ ಇದ್ದಿಲು ತರುತ್ತಿದ್ದಳು. ಆದರೆ ಮಗು ಜಗಲಿಯಲ್ಲೇ ಅತ್ತರೆ ಯಾರು ಎತ್ತಿಕೊಳ್ಳಬೇಕು? ಎತ್ತಿಕೊಂಡೆ.

ಕೇತಕಿಗೆ ನಾಲ್ಕು ವರ್ಷವಾಗಿದ್ದಾಗ ನನ್ನ ಉಪ್ಪಿನಕಾಯಿ ಭರಣಿಯನ್ನು ಬೆರಳಲ್ಲಿ ತಟ್ಟಿ, "ಅಂಬುಜಕ್ಕ, ಇದು ಅಳ್ತೈತೆ" ಅಂದಳು. ಮೂರನೇ ದಿನ ಭರಣಿ ಸೀಳಿ ಎಣ್ಣೆಯೆಲ್ಲ ನೆಲದ ಪಾಲಾಯಿತು. ಆಮೇಲೆ ಮಡಕೆ, ಹೆಂಚು, ಇಟ್ಟಿಗೆ, ಏನು ತಟ್ಟಿದರೂ ಒಳಗಿನ ಬಿರುಕು ಅವಳಿಗೆ ಕೇಳಿಸುತ್ತಿತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಏಣಿ ಹಾಕಿಕೊಂಡು ನನ್ನ ಸೂರಿನ ಹೆಂಚನ್ನೆಲ್ಲ ತಟ್ಟಿ ನೋಡುವಳು. ಒಂದು ಸಲ ಬಾಯಿತಪ್ಪಿ ಅಮ್ಮ ಅಂದಳು. ಹಾಗೆ ಕರೆದರೆ ಜಗಲಿ ಹತ್ತಬೇಡ ಅಂತ ಗದರಿದೆ. ಏಳನೇ ವರ್ಷದಲ್ಲಿ ಅವಳಿಗೆ ಜ್ವರ ಬಂದು ಎಂಟು ದಿನ ನಾನು ಪಕ್ಕದಿಂದ ಏಳಲಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಈಗ ಹೇಳಿದೆ.

ಹೆಂಚಿನ ಕಾರ್ಖಾನೆಯನ್ನು ಮೂರು ವರ್ಷದ ಕೆಳಗೆ ರಂಗಧಾಮಯ್ಯ ಅನ್ನುವ ಹೊರಗಿನವರು ಕೊಂಡರು. ಬಿಳಿ ಅಂಗಿ, ಕರಿ ಕೊಡೆ, ಜೇನಿನಂಥ ಮಾತು. ಬೇರೆ ಊರುಗಳಲ್ಲಿ ಕೊಳ್ಳುವವನು ನೀವೇ ಬೆಲೆ ಹೇಳಿ ಅಂದರೆ ಅದು ದೊಡ್ಡ ಮನಸ್ಸಿನ ಮಾತಂತೆ. ನಿನಗೆ ಬೇಕಾದಷ್ಟು ಕೇಳು, ನನಗೆ ಇದು ಬೇಕೇ ಬೇಕು, ನೀನು ಹೇಳಿದ್ದೇ ಆಗಲಿ ಅನ್ನುವ ಅರ್ಥ. ಇಂಗ್ಲಿಷಿನವರೂ ಹೀಗೇ ನೇಮ್ ಯುವರ್ ಪ್ರೈಸ್ ಅನ್ನುತ್ತಾರೆ ಅಂತ ರಂಗಧಾಮಯ್ಯನವರೇ ಒಮ್ಮೆ ನಮ್ಮ ಕಟ್ಟೆಯಲ್ಲಿ ಕೂತು ವಿವರಿಸಿದ್ದರು. ಪಾಪ, ಹೊರಗಿನವರು, ನಮ್ಮ ನಿಯಮ ಗೊತ್ತಿಲ್ಲ ಅಂತ ನಾವು ಅಂದುಕೊಂಡೆವು. ಆದರೆ ಅವರಿಗೆ ಎಲ್ಲ ಗೊತ್ತಿತ್ತು. ಅಚ್ಚು ಕೆತ್ತುವ ಈರಭದ್ರನ ಹೆಗಲ ಮೇಲೆ ಕೈ ಹಾಕಿ, ನಿನ್ನಂಥ ಕಲಾವಿದನಿಗೆ ನಾನು ಬೆಲೆ ಕಟ್ಟಲೇ, ನೀನೇ ಹೇಳಪ್ಪ ಅಂದರು. ಈರಭದ್ರ ಹಿಗ್ಗಿ ಹೇಳಿಬಿಟ್ಟ. ಮರುದಿನ ಉಳಿ ಹಿಡಿಯುವುದು ಯಾವ ಕೈಯಲ್ಲಿ ಅಂತ ಅವನಿಗೆ ಗೊತ್ತಾಗಲಿಲ್ಲ. ಈಗ ಅದೇ ಕಾರ್ಖಾನೆಯಲ್ಲಿ ಅರ್ಧ ಕೂಲಿಗೆ ಸೌದೆ ಹೊರುತ್ತಾನೆ, ಅವನ ಹಳೇ ಅಚ್ಚುಗಳು ಮಾತ್ರ ಸಾಹುಕಾರರ ಬಳಿ ಭದ್ರವಾಗಿವೆ. ಮಣ್ಣು ಹದ ಮಾಡುವ ಇಬ್ಬರು ಹುಡುಗಿಯರದ್ದು ಇನ್ನೂ ಕೆಟ್ಟ ಕಥೆ. ಅವರ ಅಪ್ಪಂದಿರು ಬಾಯಿಬಿಟ್ಟರು. ಆ ಹುಡುಗಿಯರು ಈಗ ಕಾರ್ಖಾನೆಯ ಶೆಡ್ಡಿನಲ್ಲೇ ಮಲಗುತ್ತಾರೆ, ಅಲ್ಲೇ ಉಣ್ಣುತ್ತಾರೆ. ಭಾನುವಾರ ರಜಾ ಸಹ ಕೇಳುವುದಿಲ್ಲ. ಹೋಗುವುದಕ್ಕೆ ಮನೆ ಅಂತ ಒಂದು ನೆನಪಿದ್ದರೆ ತಾನೇ.

ಕಳೆದ ವರ್ಷದ ಹೆಂಚು ಒಡೆದು, ಸೋರಿ, ಕೊಂಡವರೆಲ್ಲ ಬೈಯತೊಡಗಿದಾಗ ರಂಗಧಾಮಯ್ಯನವರ ಕಣ್ಣು ಕೇತಕಿಯ ಕಿವಿಯ ಮೇಲೆ ಬಿತ್ತು. ಆ ಕಿವಿ ಕೆಡುವುದು ಅವರಿಗೆ ಬೇಡ. ಹಾಗಾಗಿ ಅವಳ ಬಾಯಿಂದ ಬೆಲೆ ಹೊರಡಿಸುವವರಲ್ಲ. ಅವರ ಕಣ್ಣಿದ್ದದ್ದು ಸಾಕವ್ವನ ಬಾಯಿಯ ಮೇಲೆ.

ಬೇಡ ಅಂದುಬಿಡಬಹುದಿತ್ತು. ಆದರೆ ಕಾರ್ಖಾನೆಯ ಗೂಡಿನ ಹೊಗೆ ಕುಡಿದು ಕುಡಿದು ಸಾಕವ್ವನ ಎದೆ ಜರಡಿಯಾಗಿತ್ತು. ಇನ್ನೊಂದು ವರ್ಷ ಬೆಂಕಿಯ ಮುಂದೆ ನಿಂತರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಇಬ್ಬರ ಹೊಟ್ಟೆ ತುಂಬುವಷ್ಟು ಕೂಲಿ ಒಬ್ಬಳಿಗೇ ಸಿಕ್ಕರೆ ಅವ್ವ ಮನೆಯಲ್ಲಿ ಕೂರಬಹುದು. ಕೇತಕಿಗೆ ಬೇಕಾಗಿದ್ದು ಅದೊಂದೇ. ಊರಿನ ಇನ್ನೊಬ್ಬ ಬಾಯಿ ಮುದ್ದೀರಯ್ಯನನ್ನು ಸಾಹುಕಾರರು ಆಗಲೇ ತಿಂಗಳ ಸಂಬಳಕ್ಕೆ ಇಟ್ಟುಕೊಂಡಿದ್ದರು. ಉಳಿದವಳು ನಾನು.

ಶನಿವಾರ ಸಂಜೆ ಕೇತಕಿ ಜಗಲಿಗೆ ಬಂದು ಕಂಬಕ್ಕೆ ಒರಗಿ ನಿಂತಳು. "ಅಂಬುಜಕ್ಕ, ನಾಳೆ ನೀನೇ ಹೇಳ್ತೀಯಲ್ಲ? ನೀನ್ ಹೇಳಿದ್ರೆ ಏನೂ ಆಗಲ್ವಲ್ಲ?"

"ಏನಾಗ್ತದೆ?" ಅಂದೆ ಅಕ್ಕಿ ಆರಿಸುತ್ತ. "ನೀನೇನು ನನ್ನ ಮಗಳಾ?"

ಅವಳ ಮುಖ ಸಣ್ಣದಾಯಿತು. ಹೂಂ ಅಂದು ಹೋದಳು. ಆ ಮಾತನ್ನು ಹಾಗೆ ಹೇಳಬಾರದಿತ್ತು. ನನ್ನ ಹೆದರಿಕೆ ಅವಳಿಗೆ ಕಾಣಬಾರದು ಅಂತ ಹೇಳಿದೆ, ಬೇರೆ ಯಾವ ಕಾರಣವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ರಂಗಧಾಮಯ್ಯ ದೋಣಿ ಇಳಿದು ಬಂದರು. ಹಿಂದೆ ಮುದ್ದೀರಯ್ಯ, ತಲೆಯ ಮೇಲೆ ಆರು ಹೆಂಚು. ಸಾಕವ್ವನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಬೇಲಿಯ ಹೊರಗೆ ಅರ್ಧ ಕೇರಿ ನಿಂತಿತ್ತು. ಕೇತಕಿ ಹೆಂಚುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ಎರಡನೆಯದನ್ನೂ ಐದನೆಯದನ್ನೂ ಪಕ್ಕಕ್ಕೆ ಇಟ್ಟಳು. ರಂಗಧಾಮಯ್ಯ ಆ ಎರಡನ್ನೂ ಮೊಣಕಾಲೆತ್ತರದಿಂದ ಕೆಳಗೆ ಬಿಟ್ಟರು. ಎರಡೂ ಹೋಳಾದವು. ಉಳಿದ ನಾಲ್ಕನ್ನು ಅದೇ ಎತ್ತರದಿಂದ ಬಿಟ್ಟರು, ಒಂದೂ ಒಡೆಯಲಿಲ್ಲ.

"ಸರಸ್ವತಿ ಕಿವಿಯಲ್ಲಿ ಕೂತಿದ್ದಾಳೆ," ಅಂದರು. ಆಮೇಲೆ ನನ್ನ ಕಡೆ ನೋಡದೆ, ಸಾಕವ್ವನ ಕಡೆ ತಿರುಗಿ ಕೈ ಮುಗಿದರು. "ಇಂಥ ಮಗಳಿಗೆ ನಾನು ಬೆಲೆ ಕಟ್ಟೋದೇ? ತಾಯಿ, ನೀವೇ ಬೆಲೆ ಹೇಳಿ."

ಬೇಲಿಯ ಆಚೆ ಯಾರೋ ಉಸಿರೆಳೆದುಕೊಂಡರು. ಸಾಕವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನನ್ನ ಕಡೆ ನೋಡಿದಳು. ಹೇಳಬೇಕಾದವಳು ನಾನು. ದಿನಕ್ಕೆ ಆರುನೂರು ಅನ್ನುವ ಅಂಕಿ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಐನೂರಕ್ಕೆ ಸಾಕವ್ವ ಮತ್ತೆ ಗೂಡಿಗೆ ಹೋಗಬೇಕಾಗುತ್ತಿತ್ತು, ಏಳುನೂರಕ್ಕೆ ಸಾಹುಕಾರರು ಎದ್ದು ಹೋಗುತ್ತಿದ್ದರು. ಅವರ ಚಪ್ಪಲಿಯನ್ನು ನೋಡಿ ಅಳೆದಾಗಿತ್ತು. ಆದರೆ ಬಾಯಿ ತೆರೆಯಲಿಲ್ಲ. ಕೇತಕಿ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು, ಹತ್ತೊಂಬತ್ತು ವರ್ಷ ನೋಡಿದ ಹಾಗೆಯೇ. ಆ ನೋಟ ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಒಂದೇ ಒಂದು ಗಳಿಗೆ.

ರಂಗಧಾಮಯ್ಯನವರಿಗೆ ಮಾತಿಗಿಂತ ಮೌನದ ಮೇಲೆ ನಂಬಿಕೆ. ಮೌನ ಉದ್ದವಾದಷ್ಟೂ ಬಡವರ ಬಾಯಿ ತಾನಾಗಿ ತೆರೆಯುತ್ತದೆ ಅಂತ ಅವರು ಕಂಡುಕೊಂಡಿದ್ದರು. ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತರು. ಸಾಕವ್ವನಿಗೆ ಕೆಮ್ಮು ಬಂತು, ನಿಂತಿತು, ಮತ್ತೆ ಬಂತು.

"ಅಂಬುಜಮ್ಮನವರು ಯಾಕೆ ಸುಮ್ಮನಿದ್ದೀರಿ?" ಅಂದರು ಕೊನೆಗೆ, ನಗುತ್ತ. "ಊರಿಗೆಲ್ಲ ಹೇಳೋ ಬಾಯಿ. ಈ ಹುಡುಗಿ ನಿಮಗೇನೂ ಆಗಬೇಕಿಲ್ಲವಲ್ಲ?"

ಗೊತ್ತಾಗಿದೆ ಇವನಿಗೆ ಅಂದುಕೊಂಡೆ. ನಾನು ಹೇಳಲಾರೆ ಅಂತ ಅಂದಾಜು ಮಾಡಿಕೊಂಡೇ ಬಂದಿದ್ದಾನೆ. ನಾನು ಹೇಳದಿದ್ದರೆ ಸಾಕವ್ವ ಹೇಳುತ್ತಾಳೆ, ಅವಳ ಮಗಳು ಅವಳನ್ನು ಮರೆತು ಶೆಡ್ಡಿಗೆ ಸೇರುತ್ತಾಳೆ, ಇವನ ಕೆಲಸ ಆಯಿತು.

"ಹಾಗಾದ್ರೆ ನಮಗೆ ಯೋಗ ಇಲ್ಲ," ಅಂತ ರಂಗಧಾಮಯ್ಯ ಎದ್ದು ಕೊಡೆ ಬಿಚ್ಚಿದರು. "ಮುದ್ದೀರಯ್ಯ, ನಡಿ. ಬೇರೆ ಊರಲ್ಲಿ ನೋಡೋಣ."

ಅವರು ಅಂಗಳ ದಾಟುತ್ತಿದ್ದರು. ಕೇತಕಿ "ಅವ್ವಾ, ಬ್ಯಾಡ" ಅನ್ನುವಷ್ಟರಲ್ಲಿ ಸಾಕವ್ವ ಎದ್ದು ನಿಂತಿದ್ದಳು. ಸೆರಗು ಬಾಯಿಂದ ಜಾರಿತ್ತು. "ತಡೀರಿ ಸ್ವಾಮೀ, ನಾನೇ ಹೇಳ್ತೀನಿ, ದಿನಕ್ಕೆ..."

"ದಿನಕ್ಕೆ ಆರುನೂರು!" ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಯಾವ ಬೆಲೆಯನ್ನೂ ಕೂಗಿರಲಿಲ್ಲ. "ಸಂಜೆ ಐದರ ದೋಣಿಗೆ ಬಿಡಬೇಕು. ರಾತ್ರಿ ಅವಳು ಮಲಗೋದು ಅವರವ್ವನ ಮಗ್ಗುಲಲ್ಲಿ. ಭಾನುವಾರ ರಜಾ. ಇಷ್ಟು ಬೆಲೆ. ಕೊಡೋದಾದ್ರೆ ಕೊಡಿ, ಇಲ್ಲದಿದ್ರೆ ದೋಣಿ ಕಾಯ್ತಾ ಇದೆ."

ರಂಗಧಾಮಯ್ಯ ಕೊಡೆಯ ಕೆಳಗೆ ನಿಂತೇ ಇದ್ದರು. ಮುಖದ ಮೇಲಿನ ಜೇನೆಲ್ಲ ಇಳಿದುಹೋಗಿತ್ತು. ಬೇಲಿಯ ಆಚೆ ಅರ್ಧ ಕೇರಿ ಸಾಕ್ಷಿ. ಗೋದಾಮಿನಲ್ಲಿ ವಾಪಸು ಬಂದ ಹೆಂಚಿನ ರಾಶಿ. ಮುದ್ದೀರಯ್ಯ, ಪಾಪ, ಅವನಿಗೂ ಒಂದು ಕಾಲದಲ್ಲಿ ಮರ್ಯಾದೆ ಇತ್ತು, ಮೆಲ್ಲಗೆ, "ಸರಿಯಾದ ಬೆಲೆ ಬುದ್ಧೀ" ಅಂದ. ಸಾಹುಕಾರರು ಅವನನ್ನು ಸುಡುವ ಹಾಗೆ ನೋಡಿ, "ಆಗಲಿ" ಅಂದರು. ಕೈ ಮುಗಿಯದೆ ಹೋದರು.

ನಾನು ಕೇತಕಿಯ ಕಡೆ ತಿರುಗಲಿಲ್ಲ. ಒಡೆದ ಹೆಂಚಿನ ಚೂರುಗಳನ್ನು ಆರಿಸುತ್ತ ಕೂತೆ. ಅಪ್ಪನ ಮಾತು ಸುಳ್ಳಾಗಲಿ, ರಕ್ತ ಸಂಬಂಧಕ್ಕೆ ಮಾತ್ರ ಈ ಲೆಕ್ಕ ಇರಲಿ, ಬರೀ ಜಗಲಿಗೆ ಲೆಕ್ಕ ಬೇಡ ಅಂತ ಬೇಡಿಕೊಂಡೆ. ಅವಳು ಹತ್ತಿರ ಬಂದು ಬಗ್ಗಿ, ನನ್ನ ಕೈಯಿಂದ ಚೂರನ್ನು ಮೆಲ್ಲಗೆ ತೆಗೆದುಕೊಂಡಳು.

"ನೀವ್ ಬುಡಿ, ಕೈ ಕುಯ್ದದು," ಅಂದಳು. ಆಮೇಲೆ ಸಾಕವ್ವನ ಕಡೆ ತಿರುಗಿ, ದನಿ ತಗ್ಗಿಸಿ, "ಅವ್ವ, ಈ ಬಾಯಮ್ಮ ಯಾವ ಕೇರಿಯೋರು?" ಅಂತ ಕೇಳಿದಳು.

ಸಾಕವ್ವ ನನ್ನ ಕಾಲು ಹಿಡಿಯಲು ಬಂದಳು, ನಾನು ಬಿಡಲಿಲ್ಲ. "ನಾನ್ ಕಳ್ಕಬೇಕಾಗಿದ್ದನ್ನ ನೀನ್ ಕಳ್ಕಂಡ್ಯಲ್ಲಕ್ಕಾ," ಅಂತ ಅತ್ತಳು. ನಾನು ಮನೆಗೆ ಬಂದೆ. ಬಾಗಿಲು ಹಾಕಿಕೊಂಡು ಅತ್ತೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೆತ್ತವಳಲ್ಲ, ಸಾಕಿದೆ ಅಂತ ಒಪ್ಪಿಕೊಂಡವಳೂ ಅಲ್ಲ. ಆದರೂ ಊರಿನ ನಿಯಮ ನನ್ನನ್ನು ತಾಯಿ ಅಂತ ಲೆಕ್ಕಕ್ಕೆ ಹಿಡಿದಿತ್ತು. ಅದು ತಿಳಿದ ದಿನವೇ ಅವಳು ಕೈಬಿಟ್ಟು ಹೋದಳು.

ಆಮೇಲೆ ಅವಳು ದಿನಾ ಬೆಳಿಗ್ಗೆ ನನ್ನ ಮನೆಯ ಮುಂದೆಯೇ ದೋಣಿಗೆ ಹೋಗುತ್ತಿದ್ದಳು, ಸಂಜೆ ಅದೇ ದಾರಿಯಲ್ಲಿ ಬರುತ್ತಿದ್ದಳು. ಕಂಡರೆ ಊರಿನ ಹಿರಿಯರಿಗೆ ತಲೆ ಬಾಗಿಸುವಂತೆ ಬಾಗಿಸುತ್ತಿದ್ದಳು. ಸಾಕವ್ವ ಮನೆಯಲ್ಲಿದ್ದಳು, ಕೆಮ್ಮು ಸ್ವಲ್ಪ ಇಳಿದಿತ್ತು. ಅವಳು ಮಗಳಿಗೆ ನನ್ನ ವಿಷಯ ಎಷ್ಟೋ ಸಲ ಹೇಳಿ ನೋಡಿದಳಂತೆ. ಯಾರದೋ ಮನೆಯ ಕಥೆ ಕೇಳುವ ಹಾಗೆ ಕೇಳಿ, ಅಯ್ಯೋ ಪಾಪ ಅಂದಳಂತೆ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಕೇತಕಿ ನನ್ನ ಜಗಲಿಯ ಕೆಳಗೆ ಬಂದು ನಿಂತಳು, ಮೇಲೆ ಹತ್ತಲಿಲ್ಲ. ಕೈಯಲ್ಲಿ ಒಂದು ಕುಂಬಳಕಾಯಿ, ಮೇಲೆ ಮಡಚಿದ ನೋಟು, ಹೊಸ ಸೀರೆಯ ಪೊಟ್ಟಣ. "ನಿಮ್ ಋಣ ಉಳಿಸ್ಕೋಬಾರ್ದು ಅಂತ ಅವ್ವ ಕಳಿಸ್ತು," ಅಂದಳು. "ಏನ್ ಕೊಟ್ರೂ ಕಮ್ಮಿನೇ. ತಗೊಳಿ ಅಮ್ಮ."

ಅಂದು ಗದರಿ, ಇಷ್ಟು ವರ್ಷ ಅವಳ ಬಾಯಿಂದ ಮತ್ತೆ ಬರದ ಹಾಗೆ ತಡೆದಿದ್ದ ಮಾತು. ಈಗ ಗುರುತಿಲ್ಲದ ಹೆಂಗಸಿಗೆ ಕೊಡುವ ಮರ್ಯಾದೆಯಾಗಿ, ಸಲೀಸಾಗಿ ಬಂತು.

"ಇದೆಲ್ಲ ಬೇಡ," ಅಂದೆ. "ನನ್ನ ಬೆಲೆ ನಾನೇ ಹೇಳ್ತೀನಿ."

ಅವಳು ಹೌಹಾರಿದಳು. ನನ್ನನ್ನು ಮರೆತಿದ್ದಳೇ ಹೊರತು ಊರಿನ ನಿಯಮ ಮರೆತಿರಲಿಲ್ಲ. ಕುಂಬಳಕಾಯಿ ಕೆಳಗಿಟ್ಟು ಎರಡು ಮೆಟ್ಟಿಲು ಹಾರಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿಯಲು ನೋಡಿದಳು. "ಬ್ಯಾಡಿ ಅಮ್ಮ, ನಿಮ್ ಬಾಯಿ ಹೋಯ್ತದೆ! ಇಷ್ಟ್ ವರ್ಷದ ಕಸುಬು!"

ಕಸುಬು ಹೌದು. ಅಪ್ಪ ಕೊಟ್ಟಿದ್ದು. ಅದಕ್ಕಾಗಿ ಯಾರ ಮನೆಯಲ್ಲೂ ಉಂಡಿರಲಿಲ್ಲ. ಅವಳ ಕೈ ಸರಿಸಿದೆ.

"ವಾರಕ್ಕೊಂದು ದಿನ ಬಂದು ಈ ಜಗಲಿ ಮೇಲೆ ಕೂತು ಒಂದು ತುತ್ತು ಉಂಡು ಹೋಗಬೇಕು. ನಾನು ಇರೋತನಕ. ಇದೇ ನನ್ನ ಬೆಲೆ. ಒಪ್ಪೋದಾದ್ರೆ ಒಪ್ಪು, ಇಲ್ಲದಿದ್ರೆ ಎದ್ದು ಹೋಗು."

ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆಯ ಮೇಲಿಂದ ಏನೋ ಇಳಿದುಹೋದ ಹಾಗಾಯಿತು. ಕೆಳಗಿದ್ದ ಕುಂಬಳಕಾಯಿ ನೋಡಿದೆ. ಅದು ಹತ್ತು ರೂಪಾಯಿಯದೋ ನೂರರದೋ ನನಗೆ ತಿಳಿಯಲಿಲ್ಲ.

ಕೇತಕಿ ಬಹಳ ಹೊತ್ತು ನನ್ನ ಮುಖ ನೋಡಿದಳು. ಗುರುತಿಗಾಗಿ ಹುಡುಕಿದಳು, ಸಿಗಲಿಲ್ಲ, ಅದು ನನಗೆ ಕಾಣಿಸಿತು. "ಅಷ್ಟೇನಾ?" ಅಂದಳು.

"ಅಷ್ಟೇ."

ಅವಳು ಮೇಲೆ ಹತ್ತಿ ಕಂಬದ ಹತ್ತಿರ ಕೂತಳು. ನಾನು ಒಳಗೆ ಹೋಗಿ ತಟ್ಟೆ ತರುವಷ್ಟರಲ್ಲಿ ಪಕ್ಕದಲ್ಲಿದ್ದ ಹೊಸ ಉಪ್ಪಿನಕಾಯಿ ಭರಣಿಯನ್ನು ಹತ್ತಿರ ಎಳೆದುಕೊಂಡು, ಉಗುರಿನಿಂದ ತಟ್ಟಿ, ತಲೆ ವಾರೆ ಮಾಡಿ ಕೇಳುತ್ತಿದ್ದಳು.

"ಇದು ಗಟ್ಟಿ ಐತೆ," ಅಂದಳು.

"ಇರಲಿ, ಊಟ ಮಾಡು," ಅಂದೆ.